ಉಪ್ಪಿನ ಪೊಟ್ಟಣದ ಪಾಠ

ಇಪ್ಪತ್ತರ ಪ್ರಾಯದವರಿಗೆ ಆರೋಗ್ಯದ ಉಪದೇಶ ಮಾಡುವುದು ಎಂದಿಗೂ ಸುಲಭವಾದ ಕೆಲಸವಲ್ಲ. ರೋಗವೆಂಬುದು ಆ ವಯಸ್ಸಿಗೆ ನೆರೆಮನೆಯ ಸುದ್ದಿ. ಹಸಿದಾಗ ಉಣ್ಣುವುದಕ್ಕೂ ದಣಿದಾಗ ಮಲಗುವುದಕ್ಕೂ ಪಾಠವೇಕೆ ಎಂದು ಕೇಳುವ ಹಕ್ಕು ಯೌವನಕ್ಕೆ ಉಂಟೆಂದೇ ಹೇಳಬೇಕು. ಎದುರಿಗೆ ಕುಳಿತವರಿಗೆ ಹೇಳುವುದೇ ಹೀಗೆ ಕಷ್ಟವಾಗಿರಲು, ಕಣ್ಣಿಗೆ ಕಾಣದವರಿಗೆ ಅಂತರ್ಜಾಲದ ಮೂಲಕ ಹೇಳುವ ಕಷ್ಟವನ್ನು ವಾಚಕರು ಊಹಿಸಬಲ್ಲರು. ಆ ಕೆಲಸವನ್ನು ಕೆಲವು ವರ್ಷ ಮಾಡಿದವಳಾಗಿ ಎರಡು ಮಾತು ಬರೆಯುತ್ತೇನೆ. ವಿಷಯ ಕಾಲೇಜಿನದಾದರೂ ಅದರ ಬೇರು ಅಡುಗೆಮನೆಯಲ್ಲಿರುವುದರಿಂದ ಗೃಹಸ್ಥರಿಗೆ ಇದು ಹೊರತಾಗದೆಂದು ನಂಬಿದ್ದೇನೆ.

2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ವ್ಯಾಧಿಯ ಭಯದಿಂದ ಕಾಲೇಜುಗಳು ಮುಚ್ಚಿದುವು. ಪಾಠಗಳು ಮೊಬೈಲಿನ ಪರದೆಗೆ ಬಂದುವು. ಮುಂದೆ 2021-22ನೆಯ ಸಾಲಿನಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಅನುಸರಿಸಿ ಕರ್ನಾಟಕದಲ್ಲಿ ಪದವಿಯ ಪಠ್ಯಕ್ರಮ ರಚಿತವಾದಾಗ, ಆರೋಗ್ಯ ಮತ್ತು ಸ್ವಾಸ್ಥ್ಯವೆಂಬ ವಿಷಯವೂ ಅದರಲ್ಲಿ ಸೇರಿತು. ತಾಲ್ಲೂಕು ಕೇಂದ್ರದ ಕಾಲೇಜೊಂದರಲ್ಲಿ ಅಧ್ಯಾಪಕಿಯಾಗಿದ್ದ ನನ್ನ ಪಾಲಿಗೆ ಆ ಪಾಠ ಬಂದಿತು. ಅದರ ಬಹುಭಾಗವನ್ನು ಅಂತರ್ಜಾಲದಲ್ಲಿಯೇ ನಡೆಸಿದೆನು. ಪರದೆಯ ಮೇಲೆ ಅರುವತ್ತು ಹೆಸರುಗಳು ಸಾಲಾಗಿ ನಿಲ್ಲುತ್ತಿದ್ದುವು. ಮುಖ ಒಂದೂ ಇಲ್ಲ. ನಾನು ಮಾತನಾಡುತ್ತಿರುವಾಗ ಒಬ್ಬನು ಹಸುವಿಗೆ ಹುಲ್ಲು ಹಾಕುತ್ತಿದ್ದಿರಬಹುದು, ಒಬ್ಬಳು ರೊಟ್ಟಿ ತಟ್ಟುತ್ತಿದ್ದಿರಬಹುದು. ಅವರನ್ನು ದೂಷಿಸುವುದು ನ್ಯಾಯವಲ್ಲ. ಎಷ್ಟೋ ಮನೆಗಳಲ್ಲಿ ಒಂದೇ ಮೊಬೈಲನ್ನು ಅಣ್ಣತಂಗಿಯರು ಹಂಚಿಕೊಳ್ಳಬೇಕಾಗಿತ್ತು. ಹಾಜರಿ ಪೂರ್ಣ, ಪರೀಕ್ಷೆಯ ಉತ್ತರಗಳೂ ಸರಿ. ಆದರೆ ಸಂದೇಹವೇನಾದರೂ ಉಂಟೆ ಎಂದು ಕೇಳಿದರೆ ನಿಶ್ಶಬ್ದ.

ಈ ಮೌನಕ್ಕೆ ಕಾರಣವೇನು? ತಿಳಿವಳಿಕೆಯ ಅಭಾವವಂತೂ ಅಲ್ಲ. ಉಪ್ಪು ಕಡಿಮೆ ಮಾಡಬೇಕು, ಹೊತ್ತಿಗೆ ಸರಿಯಾಗಿ ಮಲಗಬೇಕು ಎಂಬುದು ಯಾರಿಗೆ ಗೊತ್ತಿಲ್ಲ? ಗೊತ್ತಿರುವುದನ್ನೇ ಪುನಃ ಹೇಳಿದರೆ ಕಿವಿ ಮುಚ್ಚಿಕೊಳ್ಳುವುದು ಮನುಷ್ಯಸ್ವಭಾವ. ಆದಕಾರಣ ಹೇಳುವುದನ್ನು ಕಡಿಮೆ ಮಾಡಿ, ಕೈಗೆ ಒಂದು ಕೆಲಸ ಕೊಡುವುದೆಂದು ನಿಶ್ಚಯಿಸಿದೆನು.

“ಮನೆಯಲ್ಲಿ ಹೊಸ ಉಪ್ಪಿನ ಪೊಟ್ಟಣ ಒಡೆದ ದಿನ ಅದರ ಮೇಲೆ ತಾರೀಖು ಬರೆಯಿರಿ. ಮುಗಿದ ದಿನವನ್ನೂ, ಉಣ್ಣುವವರ ಸಂಖ್ಯೆಯನ್ನೂ ನನಗೆ ಕಳುಹಿಸಿರಿ” ಎಂದೆನು. ವಯಸ್ಕರೊಬ್ಬರು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ತಿನ್ನಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದು ಒಂದು ಟೀ ಚಮಚದಷ್ಟೂ ಅಲ್ಲ. ಆ ಲೆಕ್ಕದಂತೆ ನಾಲ್ವರು ವಯಸ್ಕರಿರುವ ಮನೆಯಲ್ಲಿ 1 ಕಿಲೋ ಉಪ್ಪು 50 ದಿನಗಳಾದರೂ ಬಾಳಬೇಕು.

ಒಬ್ಬ ಹುಡುಗಿಯ ಮನೆಯಲ್ಲಿ ಅದು 24 ದಿನಗಳಿಗೇ ಮುಗಿದಿತ್ತು. ತಲೆಗೆ ದಿನವೊಂದಕ್ಕೆ 10 ಗ್ರಾಮಿಗೂ ಮೇಲಾಯಿತು! ಅಂದು ನಮ್ಮ ಮೂಕ ತರಗತಿಗೆ ಬಾಯಿ ಬಂದಿತು. “ಉಪ್ಪಿನಕಾಯಿಗೆ ಹಾಕಿದ್ದನ್ನು ಕಳೆಯಬೇಕಲ್ಲವೆ, ಮೇಡಂ?” ಎಂದು ಒಬ್ಬನು ಕೇಳಿದನು. “ಹಾಗಾದರೆ ಅಂಗಡಿಯ ಹಪ್ಪಳ, ಬೇಕರಿಯ ಖಾರಾ ಇವುಗಳ ಉಪ್ಪನ್ನು ಕೂಡಿಸಬೇಕಲ್ಲವೆ?” ಎಂದು ಇನ್ನೊಬ್ಬಳು. ಕಳೆಯುವುದೆಷ್ಟು, ಕೂಡಿಸುವುದೆಷ್ಟು ಎಂಬ ವಾದ ಗಂಟೆ ಮುಗಿದರೂ ಮುಗಿಯಲಿಲ್ಲ.

ವಾದ ಮನೆಗಳೊಳಕ್ಕೂ ಹೊಕ್ಕಿತು. “ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ, ನಿಮ್ಮ ಮೇಡಂ ಈ ಎರಡರ ಮೇಲೂ ಕಣ್ಣು ಹಾಕಿದರಲ್ಲ!” ಎಂದು ಒಬ್ಬ ತಾಯಿ ನಕ್ಕರಂತೆ. 24 ದಿನಗಳ ಲೆಕ್ಕ ತಂದ ಹುಡುಗಿಯ ತಂದೆಗೆ ರಕ್ತದೊತ್ತಡ. ಮಾತ್ರೆಯನ್ನು ತಪ್ಪದೆ ನುಂಗುವರು, ಉಪ್ಪಿನಕಾಯಿಯನ್ನೂ ತಪ್ಪದೆ ನೆಕ್ಕುವರು. ವೈದ್ಯರ ಮಾತಿಗೆ ಅಲುಗದ ಜಾಡಿ ಮಗಳ ಲೆಕ್ಕಕ್ಕೆ ಅಲುಗಿ, ಊಟದ ಕೋಣೆಯಿಂದ ಅಟ್ಟಕ್ಕೆ ಏರಿತು. ಮಾತ್ರೆ ನಿಲ್ಲಲಿಲ್ಲ, ವೈದ್ಯರನ್ನು ಕೇಳದೆ ನಿಲ್ಲಿಸಬಾರದೆಂದು ನಾನೂ ಹೇಳಿದ್ದೆನು. ಮುಂದಿನ ಪೊಟ್ಟಣ ಆ ಮನೆಯಲ್ಲಿ 37 ದಿನ ಬಂದಿತು.

ಪರದೆಯ ಪಾಠಕ್ಕೆ ತರಗತಿಯ ಕೋಣೆಯಲ್ಲಿಲ್ಲದ ಒಂದು ಗುಣವೂ ಉಂಟು. ಅರುವತ್ತು ಜನರ ನಡುವೆ ಎದ್ದು ನಿಂತು ಹೇಳಲಾಗದ ಮಾತನ್ನು ಅಲ್ಲಿ ಒಬ್ಬರಿಗೇ ಬರೆದು ತಿಳಿಸಬಹುದು. ನಿದ್ರೆಯ ವಿಷಯವಾಗಿ ಪಾಠ ಮಾಡಿದ ರಾತ್ರಿ, ಒಮ್ಮೆಯೂ ದನಿಯೆತ್ತದಿದ್ದ ಹುಡುಗನೊಬ್ಬನು ತನಗೆ ವಾರಗಳಿಂದ ನಿದ್ದೆಯಿಲ್ಲವೆಂದೂ ಬದುಕಿನಲ್ಲಿ ಏನೂ ಉಳಿದಂತೆ ತೋರುವುದಿಲ್ಲವೆಂದೂ ಬರೆದನು. ಆ ಗಳಿಗೆಯಲ್ಲಿ ಪಾಠದ ಪುಟಗಳಿಂದ ಪ್ರಯೋಜನವಿಲ್ಲ. ಆಗಲೇ ಅವನಿಗೆ ಫೋನು ಮಾಡಿದೆನು; ಅವನು ಒಪ್ಪಿದ ಮೇಲೆ ಅವನ ಅಕ್ಕನೊಡನೆ ಮಾತನಾಡಿದೆನು; ಆಕೆ ರಾತ್ರಿಯೆಲ್ಲ ಅವನ ಜೊತೆಯಲ್ಲಿದ್ದು ಬೆಳಿಗ್ಗೆ ವೈದ್ಯರ ಬಳಿಗೆ ಕರೆದುಕೊಂಡು ಹೋದಳು. ಚಿಕಿತ್ಸೆ ನಡೆಯಿತು, ಹುಡುಗನು ಪದವಿ ಮುಗಿಸಿದನು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರದ ಸೇವೆಯಲ್ಲಿ 14416 ಎಂಬ ಸಂಖ್ಯೆಗೆ ಕರೆ ಮಾಡಿದರೆ ಹಗಲಿರುಳೂ, ಕನ್ನಡದಲ್ಲಿಯೇ, ಉಚಿತವಾಗಿ ಸಲಹೆ ದೊರೆಯುತ್ತದೆ. ಈ ಸಂಖ್ಯೆ ಪ್ರತಿಯೊಂದು ಮನೆಯ ಗೋಡೆಯ ಪಂಚಾಂಗದ ಮೇಲೆ ಬರೆದಿರುವುದು ಒಳ್ಳೆಯದು.

2024-25ನೆಯ ಸಾಲಿನಿಂದ ರಾಜ್ಯವು ಮೂರು ವರ್ಷಗಳ ಪದವಿಯ ಕ್ರಮಕ್ಕೆ ಹಿಂದಿರುಗಿ ಪಠ್ಯಕ್ರಮವನ್ನು ಬದಲಿಸಿತು. ಪಠ್ಯ ಬದಲಾದರೂ ಶರೀರವೂ ಮನಸ್ಸೂ ಬದಲಾಗಲಿಲ್ಲ. ದೂರದಿಂದ ಬರುವ ಆರೋಗ್ಯದ ಪಾಠ ಎರಡು ಆಸರೆಗಳಿಲ್ಲದೆ ನಿಲ್ಲಲಾರದು: ಮನೆಯಲ್ಲಿ ಮಾಡಿ ನೋಡುವ ಒಂದು ಸಣ್ಣ ಕೆಲಸ, ಕೇಳಿದರೆ ಓಗೊಡುವ ಒಬ್ಬ ಮನುಷ್ಯ. ಮೊದಲನೆಯದನ್ನು ಅಧ್ಯಾಪಕರು ಕೊಡಬಲ್ಲರು. ಎರಡನೆಯದು ಬಹುಮಟ್ಟಿಗೆ ಮನೆಯವರ ಕೈಯಲ್ಲಿದೆ. ಮಗನಾಗಲಿ ಮಗಳಾಗಲಿ ಮೊಬೈಲು ಹಿಡಿದು ಕುಳಿತಾಗ ಗದರಿಸುವುದಕ್ಕೆ ಮೊದಲು, “ಇವತ್ತು ಏನು ಕಲಿತೆ? ನಮಗೂ ಸ್ವಲ್ಪ ಹೇಳು” ಎಂದು ಕೇಳಿ ನೋಡಿರಿ. ಆ ಪ್ರಶ್ನೆಗೆ ಖರ್ಚಿಲ್ಲ. ಅದರಿಂದ ಆಗುವ ಉಪಕಾರವಾದರೋ ಸಣ್ಣದಲ್ಲ.