ಸರತಿಯಲ್ಲಿ ಉಳಿದ ಕಾಗದ

ನಮ್ಮ ಮೊಹಲ್ಲಾದ ವಿದ್ಯಾರ್ಥಿ ಸಹಾಯ ಕೇಂದ್ರದಲ್ಲಿ ಕಂಪ್ಯೂಟರ್‌ಗಳು ನಾಲ್ಕು, ಪ್ರಿಂಟರ್ ಒಂದೇ. ವಿದ್ಯಾರ್ಥಿವೇತನದ ಅರ್ಜಿ ತುಂಬುವ ದಿನಗಳಲ್ಲಿ ಪೆನ್‌ಡ್ರೈವ್ ಹಿಡಿದು ಮೇಜಿನಿಂದ ಮೇಜಿಗೆ ಓಡಾಡುವುದೇ ನಮಗೊಂದು ಕೆಲಸವಾಗಿತ್ತು. ಕೊನೆಗೆ ಮೂಲೆ ಸೇರಿದ್ದ ಹಳೆಯ ಕಂಪ್ಯೂಟರೊಂದಕ್ಕೆ ಲಿನಕ್ಸ್ ಹಾಕಿ, 1999ರಿಂದ ಬಳಕೆಯಲ್ಲಿರುವ ಕಪ್ಸ್ ಎಂಬ ಉಚಿತ ತಂತ್ರಾಂಶದ ಮೂಲಕ ಅದನ್ನೇ ಪ್ರಿಂಟ್ ಸರ್ವರ್ ಮಾಡಿದೆವು. ಆ ಯಂತ್ರದ ಬ್ರೌಸರಿನಲ್ಲಿ 631ನೇ ಪೋರ್ಟ್ ತೆರೆದರೆ, ಯಾರ ಕಾಗದ ಸರತಿಯಲ್ಲಿ ಎಷ್ಟನೆಯದು ಎಂಬುದು ಕಣ್ಣೆದುರೇ ಇರುತ್ತಿತ್ತು. ಉಳಿದ ಕಂಪ್ಯೂಟರ್‌ಗಳು ಕಡತವನ್ನು ಸರ್ವರಿಗೆ ಒಪ್ಪಿಸಿದರಾಯಿತು. ಅದನ್ನು ಕಾದಿರಿಸಿ, ಒಂದೊಂದಾಗಿ ಪ್ರಿಂಟರಿಗೆ ಕಳುಹಿಸುವ ಹೊಣೆ ಸರ್ವರಿನದು. ನಮ್ಮ ಜಾಣ್ಮೆಯ ಬಗ್ಗೆ ನಮಗೆ ತುಸು ಹೆಮ್ಮೆಯೂ ಇತ್ತೆಂಬುದನ್ನು ಮುಚ್ಚಿಡಲಾರೆವು.

ಮಳೆಗಾಲದ ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂತು. ರೂಟರು ಪ್ರಿಂಟರಿಗೆ ಹೊಸ ವಿಳಾಸ ಕೊಟ್ಟಿತು. ಸರ್ವರು ಹಳೆಯ ವಿಳಾಸದಲ್ಲೇ ಅದನ್ನು ಹುಡುಕುತ್ತಾ ಸೋತು ಸರತಿಯನ್ನೇ ನಿಲ್ಲಿಸಿಬಿಟ್ಟಿತು. ಕಾಗದ ಬಾರದಿದ್ದಾಗ ಮಕ್ಕಳು ಮತ್ತೆ ಮತ್ತೆ ಪ್ರಿಂಟ್ ಒತ್ತಿದರು, ಬೇಸತ್ತು ಪೇಟೆಯ ಅಂಗಡಿಗೆ ಹೋದರು. ಮರುದಿನ ಬೆಳಿಗ್ಗೆ ನಾವು ವಿಳಾಸ ಸರಿಪಡಿಸಿ, ಸರತಿಗೆ ಚಾಲನೆ ಕೊಟ್ಟು, ಚಹಾ ಕುಡಿಯಲು ಹೊರಟೆವು. ನಿಂತಿದ್ದ ಕಾಗದಗಳೆಲ್ಲ ಆಗ ಒಂದರ ಹಿಂದೊಂದು ಹೊರಬಂದವು.

ಅವುಗಳಲ್ಲಿ ಓರ್ವ ವಿಧವೆಯ ಆದಾಯ ಪ್ರಮಾಣಪತ್ರ, ಆಧಾರ್ ಪ್ರತಿ, ಪತಿಯ ಮರಣಪತ್ರಗಳಿದ್ದವು. ಅವು ಯಾರದೋ ಅರ್ಜಿಯೊಡನೆ ಸೇರಿ ಇನ್ನೊಂದು ಮನೆ ತಲುಪಿದವು. ಆಕೆಯ ಆದಾಯವೆಷ್ಟೆಂಬುದು ಸಂಜೆಯೊಳಗೆ ನೆರೆಹೊರೆಗೆ ಗೊತ್ತಾಗಿತ್ತು. ಆ ಉಮ್ಮ ಬಂದು ಜಗಳವಾಡಲಿಲ್ಲ. "ಮಕ್ಕಳೇ, ನಿಮ್ಮ ಉಮ್ಮನ ಕಾಗದವಾಗಿದ್ದರೆ ಹೀಗೆ ಬಿಟ್ಟು ಹೋಗುತ್ತಿದ್ದಿರಾ?" ಎಂದಷ್ಟೇ ಕೇಳಿದರು. ನಾವು ಕ್ಷಮೆ ಕೇಳಿದೆವು. ನಮಗೊಪ್ಪಿಸಿದ ಅಮಾನತನ್ನು ಕಾಪಾಡದವರ ಕ್ಷಮೆಗೆ ಎಷ್ಟು ಬೆಲೆಯೋ ಅಷ್ಟೇ ಅದಕ್ಕೂ ಇತ್ತು.

ಅಂದು ರಾತ್ರಿ ಸರ್ವರಿನ ಮುಂದೆ ಕುಳಿತಾಗ ಇನ್ನೊಂದು ಸಂಗತಿ ತಿಳಿಯಿತು. ಮುದ್ರಣ ಮುಗಿದ ಮೇಲೂ ಆ ಕಡತಗಳ ಪ್ರತಿ 86,400 ಸೆಕೆಂಡು, ಅಂದರೆ ಪೂರ್ತಿ ಒಂದು ದಿನ, ಡಿಸ್ಕಿನಲ್ಲಿ ಉಳಿಯುತ್ತಿತ್ತು. ನಾವಾಗಿ ಬದಲಿಸದಿದ್ದರೆ ಅದರ ಕ್ರಮವೇ ಹಾಗೆ. ತಂತ್ರಾಂಶವನ್ನು ದೂರಿ ಫಲವಿಲ್ಲ. ಹೊಂದಿಸಿದವರು ನಾವು, ಸೂಚನೆಗಳನ್ನು ಓದದವರೂ ನಾವೇ.

ಮುದ್ರಣವಾದೊಡನೆ ಕಡತ ಅಳಿಯುವಂತೆ ಮಾಡಿದೆವು. ಪ್ರಿಂಟರಿನ ವಿಳಾಸ ಬದಲಾಗದಂತೆ ರೂಟರಿನಲ್ಲಿ ಕಾಯ್ದಿರಿಸಿದೆವು. ಬರುವ ಪ್ರತಿಯೊಂದು ಕಾಗದವನ್ನೂ ಸರತಿಯಲ್ಲೇ ತಡೆಹಿಡಿದು, ಅದರ ವಾರಸುದಾರರು ಪ್ರಿಂಟರಿನ ಬಳಿ ಬಂದು ನಿಂತ ಮೇಲಷ್ಟೇ ಬಿಡುಗಡೆ ಮಾಡುವುದೆಂದು ನಿಶ್ಚಯಿಸಿದೆವು. ಇದರಿಂದ ತಡವಾಗುತ್ತದೆಂದು ನಮ್ಮಲ್ಲೇ ಕೆಲವರು ಗೊಣಗಿದ್ದುಂಟು. ಆಗಲಿ ಎಂದೆವು.

ಕೆಲವು ವಾರಗಳ ಬಳಿಕ ಅದೇ ಉಮ್ಮ ಮಗನೊಡನೆ ಬಂದರು. ಪ್ರಿಂಟರಿನ ಪಕ್ಕದಲ್ಲೇ ನಿಂತು, ಬಿಸಿ ಆರದ ಮೂರು ಹಾಳೆಗಳನ್ನು ಎಣಿಸಿ ಚೀಲಕ್ಕೆ ಹಾಕಿಕೊಂಡರು. ಬಳಿಕ ಬಗ್ಗಿ, ತಟ್ಟೆಯಲ್ಲಿ ಇನ್ನೇನಾದರೂ ಉಳಿದಿದೆಯೇ ಎಂದು ಮತ್ತೊಮ್ಮೆ ನೋಡಿದರು.