ಒಂದು ಖಣ, ಒಂದು ಕುಬಸ

ಹಳೇ ಕುಬಸ ಕತ್ತರಿಸಿದಾಗ ಚೂರು ಬೀಳುತ್ತಿರಲಿಲ್ಲ. ಗುಳೇದಗುಡ್ಡದ ಒಂದು ಖಣವನ್ನು ಮೂಲೆಗೆ ಮೂಲೆ ಕೂಡಿಸಿ ಮಡಚಿ, ಲೆಕ್ಕ ಹಾಕಿ ಕತ್ತರಿ ಆಡಿಸಿದರೆ ಬೆನ್ನು, ಎದೆ, ತೋಳು ಎಲ್ಲ ಅದರಲ್ಲೇ ಹೊರಡುತ್ತಿದ್ದವು. ದಡಿ ತೋಳಿನ ಅಂಚಿಗೆ ಬರುತ್ತಿತ್ತು. ಉಳಿದ ತುಂಡು ಕಂಕುಳ ಕೆಳಗೆ ಸೇರುತ್ತಿತ್ತು, ಬೀಸುವಾಗ, ರೊಟ್ಟಿ ಬಡಿಯುವಾಗ ರಟ್ಟೆ ಬಿಗಿಯದಿರಲಿ ಎಂದು. ಮುಂದೆ ಗುಂಡಿಯಿಲ್ಲ, ಹುಕ್ಕಿಲ್ಲ. ಎರಡು ತುದಿ ಕೂಡಿಸಿ ಗಂಟು ಹಾಕುವುದು. ಬಸುರಿಗೂ ಬಾಣಂತಿಗೂ ಅದೇ ಕುಬಸ, ಗಂಟು ಮಾತ್ರ ಸಡಿಲಾಗುತ್ತಿತ್ತು, ಬಿಗಿಯಾಗುತ್ತಿತ್ತು.

ಕಲಬುರಗಿ ಜಿಲ್ಲೆಯ ಕಮಲಾಪುರದ ನಮ್ಮ ಆಯಿ ಇದನ್ನು ಟೇಪು ಮುಟ್ಟದೆ, ಗೇಣು-ಬೆರಳಿನಲ್ಲಿ ಅಳೆದು ಕೈಯಲ್ಲೇ ಹೊಲಿಯುತ್ತಿದ್ದಳು. 1972ರ ಬರದ ನೆನಪು ಆರದ ಮನೆಯಲ್ಲಿ ಬೆಳೆದ ನಮಗೆ ಅದು ಕಲೆಯಾಗಿ ಕಾಣಲಿಲ್ಲ, ಇಲ್ಲದ್ದಕ್ಕೆ ಹೂಡಿದ ಉಪಾಯವಾಗಿ ಕಂಡಿತು. ಈಗ ಖಣದ ಹೊಗಳಿಕೆ ಕೇಳಿದಾಗ ನನಗೆ ಇನ್ನೊಂದು ನೆನಪಾಗುತ್ತದೆ. ಅಂದು ಖಣ ಹೆಚ್ಚಾಗಿ ಮನೆಗೆ ಬರುತ್ತಿದ್ದುದು ಉಡಿ ತುಂಬಿದಾಗ. ಗಂಡ ಸತ್ತವಳಿಗೆ ಉಡಿಯಿಲ್ಲ, ಉಡಿಯಿಲ್ಲದವಳಿಗೆ ಖಣವೂ ಇಲ್ಲ. ಆಯಿ ವಿಧವೆಯಾದ ಮೇಲೆ ಊರಿನವರ ಖಣ ಹೊಲಿದಳು, ತಾನು ಮಾತ್ರ ಮಾಂಜರಪಾಟ ತೊಟ್ಟಳು. ಇಂದು ಯಾವ ಹೆಂಗಸಾದರೂ ಅಂಗಡಿಗೆ ಹೋಗಿ ತನಗೆ ಬೇಕಾದ ಬಣ್ಣದ ಖಣ ಕೊಳ್ಳಬಹುದು. ಹಳೆಯದು ಹೋಯಿತು ಎಂದು ಮರುಗುವವರು ಮೊದಲು ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

ಕಲಬುರಗಿಯ ಜಗತ್ ಬಡಾವಣೆಯಲ್ಲಿದ್ದ ನಮ್ಮ ಮನೆಗೆ ಕಾಲಿನಿಂದ ತುಳಿಯುವ ಉಷಾ ಮಶಿನ್ ಬಂದಿದ್ದು ಎಪ್ಪತ್ತರ ದಶಕದ ಕೊನೆಗೆ. ಆರನೆಯ ನಿಜಾಮ ಮೆಹಬೂಬ್ ಅಲಿ ಖಾನನ ಹೆಸರು ಹೊತ್ತ ಎಂಎಸ್‌ಕೆ ಬಟ್ಟೆ ಮಿಲ್ ಇದ್ದ ಊರು ನಮ್ಮದು. ಆದರೂ ಓಣಿಯ ಹೆಂಗಸರಿಗೆ ಅರ್ಧ ಮೀಟರ್ ಪಾಪ್ಲಿನ್ ಕೂಡ ಯೋಚಿಸಿ ಕೊಳ್ಳುವ ಸರಕು. ಅವ್ವ ನನಗೂ ಅಕ್ಕನಿಗೂ ಪರಕರ ಹೊಲಿದರೆ ಕೆಳಗೆ ಎರಡು ಮಡಿಕೆ ಹಿಡಿಯುತ್ತಿದ್ದಳು. ನಾವು ಎತ್ತರವಾದಂತೆ ಮಡಿಕೆ ಬಿಚ್ಚುವುದು. ಬಿಚ್ಚಿದಲ್ಲಿ ಬಣ್ಣ ಮಾಸದ ಪಟ್ಟಿ ಎದ್ದು ಕಾಣುತ್ತಿತ್ತು, ಶಾಲೆಯಲ್ಲಿ ಎಲ್ಲರ ಪರಕರದಲ್ಲೂ ಅಂಥದೊಂದು ಪಟ್ಟಿ. ಜಂಪರಿನ ಒಳಗೂ ಎರಡು ಬದಿ ಬೆರಳಗಲ ಬಟ್ಟೆ ಬಿಡುತ್ತಿದ್ದಳು. ಚೂರುಗಳಲ್ಲಿ ಕೂಸಿನ ಕುಂಚಗಿ, ಕುಲಾಯಿ, ಎಲೆ-ಅಡಿಕೆ-ಸುಣ್ಣಕ್ಕೆ ಬೇರೆ ಬೇರೆ ಅರೆಗಳಿರುವ ಸಂಚಿ. ಸಂಚಿಯ ಅರೆಗಳನ್ನು ಒಂದರೊಳಗೊಂದು ಕೂಡಿಸುವ ಹೊಲಿಗೆ ಕಷ್ಟದ್ದು. ಉಲ್ಟಾ ಹೊಲಿದು ತಿರುವಿ ಹಾಕಬೇಕು, ಒಂದು ಅರೆ ತಪ್ಪಿದರೆ ಇಡೀ ಸಂಚಿ ಬಿಚ್ಚಬೇಕು.

ಓಣಿಯವರ ಬಟ್ಟೆಯನ್ನೂ ಅವ್ವ ಹೊಲಿದಳು. ಕೂಲಿ ಅಷ್ಟಕ್ಕಷ್ಟೆ. “ಮನ್ಯಾಗ ಖಾಲಿ ಕುಂತೀರಿ, ಇದೊಂದು ಹೊಲದು ಕೊಡ್ರಿ ಅಕ್ಕೋರೆ” ಎಂದು ಬಂದವರಿಗೆ ಅವಳು ರೊಕ್ಕ ಕೇಳಲಾರಳು. ಅದೇ ಕೆಲಸವನ್ನು ಬಜಾರಿನ ದರ್ಜಿ ಮಾಡಿದರೆ ರೊಕ್ಕ ಎಣಿಸಿ ಕೊಡುತ್ತಿದ್ದರು. ಹನ್ನೆರಡನೆಯ ಶತಮಾನದಲ್ಲಿ ಇದೇ ಸೀಮೆಯ ಕಲ್ಯಾಣದಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ಶರಣನಿದ್ದ. ಹೊಲಿಗೆ ಅವನ ಹೆಸರಿನಲ್ಲೇ ಉಳಿದಿದೆ. ಮನೆಯೊಳಗಿನ ಹೆಂಗಸಿನ ಸೂಜಿಗೆ ಕಾಯಕದ ಮಾನ ಸಿಗಲಿಲ್ಲ, ಅದು ಬಿಡುವಿನ ಕೆಲಸ ಎನಿಸಿಕೊಂಡಿತು. ಬಿಡುವು ಎಲ್ಲಿತ್ತು?

ಕೌದಿಯ ಮಾತೂ ಹಾಗೇ. ಹಿಂಗಾರಿ ಜೋಳದ ರಾಶಿ ಮುಗಿದ ಮೇಲೆ, ಬೇಸಿಗೆಯ ಮಧ್ಯಾಹ್ನ, ಹೊರಗೆ ಕಾಲಿಡಲಾಗದ ಬಿಸಿಲಿನಲ್ಲಿ ಕಮಲಾಪುರದ ಪಡಸಾಲೆಗಳಲ್ಲಿ ಕೌದಿ ಹಾಸುತ್ತಿದ್ದರು. ಹಳೇ ಸೀರೆ ಒಳಗೆ, ಗಟ್ಟಿ ತುಂಡು ಮೇಲೆ. ಅಂಚಿನಿಂದ ಶುರುವಾದ ದಾರ ಸುತ್ತುತ್ತ ನಡುವಿಗೆ ಬರಬೇಕು. ಬಗ್ಗಿ ಕುಳಿತ ಸೊಂಟ ಸಂಜೆಗೆ ಏಳುತ್ತಿರಲಿಲ್ಲ. ಹೆಂಗಸರು ಸೋಮಾರಿಗಳಾಗಿ ಕೌದಿ ನಿಂತಿತು ಎನ್ನುವವರು ಸೀರೆಯನ್ನು ಮುಟ್ಟಿ ನೋಡಿಲ್ಲ. ಹತ್ತಿ ಸೀರೆ ಹಳತಾದಷ್ಟೂ ಮೆತ್ತಗಾಗಿ ಬೆವರು ಹೀರುತ್ತಿತ್ತು. ಮನೆಮನೆಗೆ ನೈಲಾನು, ಪಾಲಿಯೆಸ್ಟರ್ ಬಂದವು. ಒಗೆಯಲು ಹಗುರ, ಇಸ್ತ್ರಿ ಬೇಡ, ಹೆಂಗಸರ ಕೆಲಸ ಕಡಿಮೆಯಾಯಿತು, ಒಳ್ಳೆಯದೇ ಆಯಿತು. ಆದರೆ ಆ ಬಟ್ಟೆ ಸೂಜಿಯ ಕೆಳಗೆ ಜಾರುತ್ತದೆ, ಹೊದ್ದರೆ ಮೈ ಕುದಿಯುತ್ತದೆ. ಒಳಗೆ ಹಾಕಲು ಹತ್ತಿಯೇ ಇಲ್ಲದಾಗ ಕೌದಿ ನಿಲ್ಲದೆ ಇನ್ನೇನಾದೀತು?

ಕಮಲಾಪುರದ ಸುತ್ತಲಿನ ತಾಂಡಾಗಳ ಲಂಬಾಣಿ ಹೆಂಗಸರ ಹೊಲಿಗೆ ಇದಕ್ಕಿಂತ ಬೇರೆ. ಕನ್ನಡಿ, ಕವಡೆ, ನಾಣ್ಯ ಸೇರಿಸಿ ಹೊಲಿದ ಪೇಟಿಯಾ, ಕಾಂಚಳಿ ತೊಟ್ಟ ಅಜ್ಜಿಯರು ಸಂತೆಗೆ ಬರುತ್ತಿದ್ದರು. ಅವರ ಮೊಮ್ಮಕ್ಕಳು ಈಗ ಚೂಡಿದಾರದಲ್ಲಿ ಕಾಲೇಜಿಗೆ ಹೋಗುತ್ತಾರೆ. ಅಷ್ಟು ಭಾರ ಹೊತ್ತು ಅವರು ಬಸ್ಸು ಹತ್ತಲಿ ಎಂದು ನಾನಂತೂ ಬಯಸಲಾರೆ. ಸಂಡೂರಿನ ಕುಶಲ ಕಲಾ ಕೇಂದ್ರ ಈ ಕಸೂತಿಯನ್ನು ದುಡಿಮೆಯಾಗಿ ನಿಲ್ಲಿಸಿತು. 2023ರ ಜುಲೈನಲ್ಲಿ ಹಂಪಿಯ ಜಿ-20 ಸಂಸ್ಕೃತಿ ಸಭೆಯ ವೇಳೆ 450ಕ್ಕೂ ಹೆಚ್ಚು ಲಂಬಾಣಿ ಕುಶಲಕರ್ಮಿಗಳು ಮಾಡಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು.

ಈಗ ಕಲಬುರಗಿಯಲ್ಲಿ ‘ಹಳೇ ಕಾಲದ’ ಬ್ಲೌಸಿಗೆ ಬೇಡಿಕೆ ಬಂದಿದೆ. ಖಣದ ತೋಳು, ಮುಂದೆ ತೋರಿಕೆಯ ಗಂಟು, ಹಿಂದೆ ಹುಕ್ಕು. ನಾಮಕರಣದ ಫೋಟೊಕ್ಕೆ ಕುಂಚಗಿ, ಮದುವೆಗೆ ಖಣದ ಬಟವಿ. ಮನೆಯಲ್ಲೇ ಕುಳಿತು ಸೀರೆಗೆ ಫಾಲ್-ಪಿಕೋ, ಕುಚ್ಚು ಹಾಕಿ ಫೀಸು ಕಟ್ಟುವ ತಾಯಂದಿರಿದ್ದಾರೆ. ಇದೆಲ್ಲ ನನಗೆ ಸಂತೋಷವೇ. ಆದರೆ ಗಂಟಿನ ಕೆಲಸವೇ ಮೈಗೆ ತಕ್ಕಂತೆ ಸಡಿಲ-ಬಿಗಿಯಾಗುವುದು. ಆ ಕೆಲಸ ಬಿಟ್ಟು ಗಂಟನ್ನಷ್ಟೇ ಇಟ್ಟುಕೊಂಡರೆ ಹಳೇ ಕುಬಸ ಬಂದಂತಾಗಲಿಲ್ಲ. ಬರಬೇಕಾದದ್ದು ಆ ಕತ್ತರಿಕೆ, ಕಂಕುಳ ತುಂಡು, ಒಳಗೆ ಬಿಟ್ಟ ಬಟ್ಟೆ. ನಾನು ನೋಡಿದ ಹೊಲಿಗೆ ತರಗತಿಗಳಲ್ಲಿ ಕಾಗದದ ಮೇಲೆ ಅಳತೆ ಬರೆದು ಕತ್ತರಿಸುವುದನ್ನು ಚೆನ್ನಾಗಿ ಕಲಿಸುತ್ತಿದ್ದರು, ಖಣ ಮಡಚುವುದನ್ನು ಯಾರೂ ಕಲಿಸುತ್ತಿರಲಿಲ್ಲ. ಬಲ್ಲ ಮುದುಕಿಯರು ಕಮಲಾಪುರದಲ್ಲಿ ಇನ್ನೂ ಇದ್ದಾರೆ, ಅವರನ್ನು ಕರೆಸಿ ಸಂಬಳ ಕೊಟ್ಟು ಕಲಿಸಬೇಕು.

ಹೊಲಿಗೆಗೆ ಈಗ ಸರ್ಕಾರದ ನೆರವೂ ಇದೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯದೂ ಒಂದು. ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವಿದೆ. ಅದೇ ವರ್ಷ ಕಲಬುರಗಿಗೆ 1,000 ಎಕರೆಯ ಜವಳಿ ಪಾರ್ಕೂ ಘೋಷಣೆಯಾಯಿತು. ಕಮಲಾಪುರದ ಹುಡುಗಿಯರು ಅಲ್ಲಿ ದಿನವಿಡೀ ಬರೀ ಕಾಲರ್ ಹೊಲಿದರೂ ಹೋಗಲಿ ಎನ್ನುತ್ತೇನೆ. ತಿಂಗಳ ಪಗಾರವೆಂಬುದು ನಮ್ಮ ಅವ್ವನಿಗೆ ಸಿಗಲೇ ಇಲ್ಲ.

ನಮ್ಮ ವೈನಿ ಕಮಲಾಪುರದಲ್ಲಿ ಮತ್ತೆ ಕೌದಿ ಹೊಲಿಯತೊಡಗಿದ್ದಾಳೆ. ಹತ್ತಿ ಬಟ್ಟೆಯನ್ನು ಥಾನಿನಲ್ಲಿ ಕೊಂಡು ತಂದು, ಕುಳಿತ ದಿನಗಳನ್ನು ವಹಿಯಲ್ಲಿ ಬರೆದಿಟ್ಟು, ದಿನಕ್ಕಿಷ್ಟು ಎಂದು ಕೂಲಿ ಕೂಡಿಸಿ ಬೆಲೆ ಹೇಳುತ್ತಾಳೆ. “ಹಳೇ ಅರಿವಿ ಕೌದಿಗಿ ಇಷ್ಟ್ಯಾಕ ರೊಕ್ಕ?” ಎಂದವರಿಗೆ ವಹಿ ತೆಗೆದು ತೋರಿಸುತ್ತಾಳೆ. ಕೆಲವರು ವಾಪಸು ಹೋಗುತ್ತಾರೆ. ಅವಳು ಬೆಲೆ ಇಳಿಸುವುದಿಲ್ಲ.