ಹಂಚಿ ತಿನ್ನಬೇಕಾದ ಹಣ್ಣು



ಬೇಸಿಗೆಯ ಹಣ್ಣುಗಳಲ್ಲಿ ಹೆಚ್ಚಿನವು ಒಬ್ಬ ಮನುಷ್ಯನ ಅಳತೆಗೆ ಹೊಂದುವಂಥವು. ಒಂದು ಮಾವನ್ನು ಒಬ್ಬರೇ ತಿಂದು ಮುಗಿಸಬಹುದು. ಪೇರಳೆ, ಗೇರುಹಣ್ಣುಗಳ ಮಾತೂ ಅಷ್ಟೇ. ಆದರೆ ಹಲಸು ಹಾಗಲ್ಲ. ಮರದಲ್ಲಿ ಬೆಳೆಯುವ ಹಣ್ಣುಗಳಲ್ಲೆಲ್ಲ ಅತ್ಯಂತ ದೊಡ್ಡದಾದ ಇದು ಹತ್ತು, ಹದಿನೈದು ಕಿಲೋ ತೂಗುವುದು ಸಾಮಾನ್ಯ. ಮಾಗಿದ ಮೇಲೆ ಹೆಚ್ಚು ದಿನ ಇಟ್ಟುಕೊಳ್ಳುವಂತೆಯೂ ಇಲ್ಲ. ಅದರ ಪರಿಮಳವನ್ನು ಬಚ್ಚಿಡುವುದಂತೂ ಅಸಾಧ್ಯ. ಅಂಗಳದಲ್ಲಿ ಹಣ್ಣಾದರೆ ಮೂರನೆಯ ಮನೆಗೂ ಸುದ್ದಿ ಮುಟ್ಟುತ್ತದೆ. ಆದುದರಿಂದ ಈ ಹಣ್ಣು ನಮ್ಮನ್ನು ಕೇಳುವ ಮೊದಲ ಪ್ರಶ್ನೆ ರುಚಿಯದ್ದಲ್ಲ. ‘ನಿನ್ನ ಮನೆಯಲ್ಲಿ ಎಷ್ಟು ಜನರಿದ್ದಾರೆ?’ ಎಂಬುದೇ ಅದರ ಪ್ರಶ್ನೆ.

ಕರಾವಳಿಯ ನಮ್ಮ ಹಿರಿಯರಿಗೆ ಈ ಪ್ರಶ್ನೆಗೆ ಉತ್ತರಿಸುವುದು ಕಷ್ಟವಾಗಿರಲಿಲ್ಲ. ನನ್ನ ಬಾಲ್ಯದ ಮನೆಯಲ್ಲಿ ಮೇ ತಿಂಗಳ ಮಧ್ಯಾಹ್ನಗಳೆಂದರೆ ಹಲಸಿನ ಕೆಲಸದ ಮಧ್ಯಾಹ್ನಗಳು. ಗಂಡಸರು ಹಗ್ಗ ಕಟ್ಟಿ ಹಣ್ಣನ್ನು ಇಳಿಸುವರು. ಅಜ್ಜಿ ಕತ್ತಿಗೂ ಅಂಗೈಗೂ ತೆಂಗಿನೆಣ್ಣೆ ಸವರಿಕೊಂಡು ಹಣ್ಣನ್ನು ಸೀಳುವರು. ಮೇಣವನ್ನು ಕೋಲಿಗೆ ಸುತ್ತಿ ತೆಗೆಯುವುದು ದೊಡ್ಡ ಹುಡುಗರ ಪಾಲು. ಸೊಳೆ ಬಿಡಿಸುವುದು ಹೆಂಗಸರದ್ದು. ಬೇಳೆ ಹೆಕ್ಕುವುದು ನಮ್ಮಂಥ ಚಿಕ್ಕವರದ್ದು. ಸಿಪ್ಪೆ ಹಟ್ಟಿಯ ಹಸುಗಳಿಗೆ ಸಲ್ಲುತ್ತಿತ್ತು. ‘ಹಸಿದು ಹಲಸು, ಉಂಡು ಮಾವು’ ಎಂಬ ಗಾದೆಯ ಅರ್ಥ ಆಗ ನಮಗೆ ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ಅಕ್ಕಿಯ ಡಬ್ಬ ತಳ ಕಾಣುತ್ತಿದ್ದ ದಿನಗಳಲ್ಲಿ ಅನೇಕ ಮನೆಗಳ ಹೊಟ್ಟೆ ತುಂಬಿಸಿದ್ದು ಈ ಹಣ್ಣೇ.

ಹಲಸಿನಲ್ಲಿ ಬಕ್ಕೆ, ತುಳುವೆ ಎಂದು ಎರಡು ಬಗೆ. ಬಕ್ಕೆಯ ಸೊಳೆ ಗಟ್ಟಿ, ಕಚ್ಚಿ ತಿನ್ನಲು ಸೊಗಸು. ತುಳುವೆಯದ್ದು ಮೆತ್ತಗೆ, ನಾರು ಹೆಚ್ಚು, ಬಾಯಲ್ಲಿಟ್ಟರೆ ಜಾರಿಹೋಗುತ್ತದೆ. ಪೇಟೆಯಲ್ಲಿ ಬಕ್ಕೆಗೆ ಬೆಲೆ, ತುಳುವೆಗೆ ತಾತ್ಸಾರ. ಆದರೆ ಅಡುಗೆಮನೆಯಲ್ಲಿ ತುಳುವೆಯೂ ಕೀಳಲ್ಲ. ಅದರ ರಸವನ್ನು ಜರಡಿಯಲ್ಲಿ ತಿಕ್ಕಿ ನಾರು ತೆಗೆದರೆ ಸಿಗುವ ಪಾಕ ಯಾವ ಸಿಹಿಗೂ ಒದಗುತ್ತದೆ.

ನಮ್ಮ ಮನೆಯ ಗಟ್ಟಿಯ ಕ್ರಮ ಹೀಗಿದೆ. ಎರಡು ಲೋಟ ಬೆಳ್ತಿಗೆ ಅಕ್ಕಿಯನ್ನು ಮೂರು ಗಂಟೆ ನೆನೆಸಿ, ನೀರು ಪೂರ್ತಿ ಬಸಿಯಬೇಕು. ಸಣ್ಣಗೆ ಹೆಚ್ಚಿದ ಸೊಳೆ ಮೂರು ಲೋಟ, ತೆಂಗಿನತುರಿ ಒಂದು ಲೋಟ, ಹಣ್ಣಿನ ಸಿಹಿ ನೋಡಿಕೊಂಡು ಬೆಲ್ಲ, ಚಿಟಿಕೆ ಉಪ್ಪು, ಏಲಕ್ಕಿ ಸೇರಿಸಿ ತರಿತರಿಯಾಗಿ ರುಬ್ಬಬೇಕು. ಒಂದು ಹನಿ ನೀರೂ ಬೇಡ. ಹಣ್ಣಿನ ರಸವೇ ಸಾಕು. ಬಾಡಿಸಿದ ಬಾಳೆಲೆಯಲ್ಲೋ ಸಾಗುವಾನಿ ಎಲೆಯಲ್ಲೋ ಮಡಿಚಿ, ಹಬೆಯಲ್ಲಿ ಒಂದು ಗಂಟೆ ಬೇಯಿಸಬೇಕು. ಸಾಗುವಾನಿ ಎಲೆಯಾದರೆ ಗಟ್ಟಿಗೆ ಕೆಂಪು ಬಣ್ಣವೂ ಬೇರೆಯದೇ ಪರಿಮಳವೂ ಬರುತ್ತದೆ. ಬಿಸಿಯಿರುವಾಗ ತುಪ್ಪದೊಂದಿಗೆ ತಿನ್ನಿ. ಉಳಿದರೆ ಮರುದಿನ ತುಂಡು ಮಾಡಿ ಕಾವಲಿಯ ಮೇಲೆ ಕೆಂಪಗೆ ಕಾಯಿಸಿ. ಇದೇ ಹಿಟ್ಟನ್ನು ತುಸು ಗಟ್ಟಿಯಾಗಿ ರುಬ್ಬಿ ಎಣ್ಣೆಯಲ್ಲಿ ಕರಿದರೆ ಮುಳಕವಾಗುತ್ತದೆ.

ಬೇಕ್ ಮಾಡುವ ಪದ್ಧತಿಯೂ ನಮ್ಮವರಿಗೆ ಹೊಸದಲ್ಲ. ಓವನ್ ಬರುವುದಕ್ಕಿಂತ ಬಹಳ ಮೊದಲೇ ಪಾತ್ರೆಯ ಕೆಳಗೆ ಕೆಂಡ, ಮುಚ್ಚಳದ ಮೇಲೂ ಕೆಂಡವಿಟ್ಟು ಬೇಯಿಸುವ ವಿದ್ಯೆ ಗೋವೆಯಿಂದ ಮಂಗಳೂರಿನವರೆಗೆ ರೂಢಿಯಲ್ಲಿತ್ತು. ಎರಡು ಲೋಟ ಸಣ್ಣ ರವೆಯನ್ನು ತುಪ್ಪದಲ್ಲಿ ಹುರಿದು, ಎರಡು ಲೋಟ ತುಳುವೆಯ ರಸ, ಒಂದು ಲೋಟ ಬೆಲ್ಲ, ಅರ್ಧ ಲೋಟ ದಪ್ಪ ತೆಂಗಿನ ಹಾಲು, ಏಲಕ್ಕಿ, ಉಪ್ಪು ಬೆರೆಸಿ ಅರ್ಧ ಗಂಟೆ ಬಿಡಿ. ಈಗಿನ ಓವನ್‌ನಲ್ಲಾದರೆ 180 ಡಿಗ್ರಿ ಶಾಖದಲ್ಲಿ ಸುಮಾರು ಮುಕ್ಕಾಲು ಗಂಟೆ ಸಾಕು. ಪೇಟೆಯ ಕೇಕಿನಂತೆ ಇದು ಉಬ್ಬುವುದಿಲ್ಲ. ಒತ್ತೊತ್ತಾಗಿ, ತೇವವಾಗಿ ಇರುತ್ತದೆ. ಪೂರ್ತಿ ತಣಿದ ಮೇಲೆಯೇ ಕೊಯ್ಯಬೇಕು. ಈ ತಾಳ್ಮೆ ಮಕ್ಕಳಿಗಿರುವುದಿಲ್ಲ ಎಂಬುದು ಬೇರೆ ಮಾತು.

ಇಷ್ಟು ಮಾಡಿದರೂ ಹಲಸು ಮುಗಿಯುವುದಿಲ್ಲ. ಹಾಗಾಗಿ ಮಳೆಗಾಲದ ಪಾಲನ್ನು ಬೇಸಿಗೆಯಲ್ಲೇ ತೆಗೆದಿಡುವ ಕ್ರಮವಿತ್ತು. ಬಲಿತ ಕಾಯಿಸೊಳೆಯನ್ನು ಬೇಯಿಸಿ, ಕುಟ್ಟಿ, ಹಪ್ಪಳ ಒತ್ತಿ ಚಾಪೆಯ ಮೇಲೆ ಒಣಗಿಸುವರು. ಭರಣಿಯಲ್ಲಿ ಉಪ್ಪು ಬೆರೆಸಿ ಇಟ್ಟ ಸೊಳೆ ಆಷಾಢದ ಮಳೆಯಲ್ಲಿ ಪಲ್ಯವಾಗಿ, ರೊಟ್ಟಿಯಾಗಿ ತಟ್ಟೆಗೆ ಬರುತ್ತಿತ್ತು. ಬೇಳೆಗಳಿಗೆ ಕೆಮ್ಮಣ್ಣು ಬಳಿದು ಮೂಲೆಯಲ್ಲಿಟ್ಟರೆ ತಿಂಗಳುಗಟ್ಟಲೆ ಕೆಡುತ್ತಿರಲಿಲ್ಲ. ನಾಳೆಯ ಹಸಿವನ್ನು ಇಂದೇ ನೆನೆಯುವ ವಿವೇಕ ಅದು.

ಈಗ ಇಂದಿನ ಮಾತಿಗೆ ಬರುತ್ತೇನೆ. ನಮ್ಮ ಮನೆಯಲ್ಲಿ ಇಂದು ಇರುವುದು ನಾನು ಮತ್ತು ನನ್ನ ಅತ್ತಿಗೆ, ಇಬ್ಬರೇ. ಮಕ್ಕಳು ಕೊಲ್ಲಿ ದೇಶದಲ್ಲಿದ್ದಾರೆ, ಬೆಂಗಳೂರಿನಲ್ಲಿದ್ದಾರೆ. ಮರಕ್ಕೆ ಮಾತ್ರ ಇದು ತಿಳಿಯದು. ಎಂಟು ಜನರಿದ್ದಾಗ ಎಷ್ಟು ಬಿಟ್ಟಿತ್ತೋ ಈಗಲೂ ಅಷ್ಟೇ ಬಿಡುತ್ತದೆ. ಹಣ್ಣು ಬಿದ್ದು ಒಡೆದು ಕೊಳೆತು ಅಂಗಳವೆಲ್ಲ ನೊಣ. ಎರಡು ವರ್ಷಗಳ ಹಿಂದೆ ಮರದ ವ್ಯಾಪಾರಿಯೊಬ್ಬರು ಬಂದು ಒಳ್ಳೆಯ ಬೆಲೆಯನ್ನೇ ಹೇಳಿದರು. ಮಕ್ಕಳು ಫೋನಿನಲ್ಲಿ ‘ಕೊಟ್ಟುಬಿಡಿ ಅಮ್ಮ, ನಿಮ್ಮಿಂದ ಗುಡಿಸಲಿಕ್ಕಾಗುವುದಿಲ್ಲ’ ಎಂದರು. ಅವರ ಮಾತು ಪ್ರೀತಿಯದ್ದೇ, ನ್ಯಾಯವಾದುದೇ.

ಆ ದಿನಗಳಲ್ಲೇ ನಮ್ಮ ಹಿತ್ತಿಲಾಚೆಯ ಬಾಡಿಗೆ ಕೋಣೆಗೆ ಬಾಗಲಕೋಟೆ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬವೊಂದು ಸೇರಿತು. ಆ ಹೆಣ್ಣುಮಗಳು ಬೇಲಿಯ ಬಳಿ ನಿಂತು ಮರವನ್ನೇ ನೋಡಿ, “ಅಮ್ಮಾರ, ಇಷ್ಟು ದೊಡ್ಡ ಹಣ್ಣು ನೀವಿಬ್ಬರ ಹೆಂಗ ತಿಂತೀರಿ?” ಎಂದು ಕೇಳಿದಳು. “ಇಬ್ಬರು ತಿನ್ನಲಿಕ್ಕೆ ಬೆಳೆದದ್ದಲ್ಲ ಮಗಾ, ಒಳಗೆ ಬಾ” ಎಂದೆ. ಎಣ್ಣೆ ಹಚ್ಚಿಕೊಳ್ಳುವುದನ್ನು ನಾನು ತೋರಿಸಿಕೊಟ್ಟೆ. ಅವಳ ಮಕ್ಕಳು ಬೇಳೆ ಹೆಕ್ಕಿದರು. ಮರುವಾರ ಅವಳು ತುಳುವೆಯ ರಸವನ್ನು ಹೂರಣಕ್ಕೆ ಬೆರೆಸಿ ಹೋಳಿಗೆ ಮಾಡಿ ತಂದಳು. ನಮ್ಮ ಕರಾವಳಿಯ ಹಣ್ಣಿಗೆ ಅವಳ ಊರಿನ ಕೈರುಚಿ! ಆ ಬೇಸಿಗೆಯಲ್ಲಿ ನಮ್ಮ ಅಂಗಳದಲ್ಲಿ ಒಂದು ಹಣ್ಣೂ ಕೊಳೆಯಲಿಲ್ಲ. ವ್ಯಾಪಾರಿಗೆ ಬೇಡವೆಂದು ಹೇಳಿ ಕಳುಹಿಸಿದೆವು.

ಹಲಸಿನ ಮೇಲೆ ಈಚೆಗೆ ಹೊಸ ಗೌರವ ಮೂಡಿದೆ. ಕೇರಳ ಸರಕಾರ 2018ರಲ್ಲಿ ಇದನ್ನು ತನ್ನ ರಾಜ್ಯದ ಅಧಿಕೃತ ಹಣ್ಣೆಂದು ಘೋಷಿಸಿತು. ನಮ್ಮಲ್ಲಿ ತುಮಕೂರು ಜಿಲ್ಲೆಯ ರೈತರೊಬ್ಬರ ತೋಟದ ಕೆಂಪು ಸೊಳೆಯ ಹಲಸನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ‘ಸಿದ್ದು’ ಎಂಬ ಹೆಸರಿನಿಂದ ಪ್ರಚಾರಕ್ಕೆ ತಂದಿದೆ. ಅದರ ಹಣ್ಣು ಎರಡೂವರೆ ಕಿಲೋ ಆಸುಪಾಸಿನದು. ಇಂದಿನ ಚಿಕ್ಕ ಕುಟುಂಬಕ್ಕೆ ಸರಿಹೊಂದುವ ಗಾತ್ರ. ಇದು ಸಂತೋಷದ ಸಂಗತಿ. ಆದರೂ ಹಣ್ಣನ್ನು ಮನೆಯ ಅಳತೆಗೆ ಇಳಿಸುವುದು ಒಂದು ದಾರಿಯಾದರೆ, ಮನೆಯನ್ನು ಹಣ್ಣಿನ ಅಳತೆಗೆ ಹಿಗ್ಗಿಸುವುದು ಇನ್ನೊಂದು ದಾರಿ ಎಂದು ನನಗನಿಸುತ್ತದೆ.

ಸಸ್ಯಶಾಸ್ತ್ರ ಬಲ್ಲವರು ಹೇಳುವ ಒಂದು ಸಂಗತಿ ನಿಮಗೂ ಪ್ರಿಯವಾದೀತು. ಹಲಸು ಒಂದು ಹೂವಿನ ಹಣ್ಣಲ್ಲ. ನೂರಾರು ಪುಟ್ಟ ಹೂಗಳು ಒಂದೇ ದಿಂಡಿನ ಮೇಲೆ ಒತ್ತಾಗಿ ಕೂಡಿ ಆದ ಹಣ್ಣು. ಪ್ರತಿ ಸೊಳೆಯೂ ಒಂದೊಂದು ಹೂವಿನ ಫಲ. ಪರಾಗ ದೊರೆಯದೆ ಉಳಿದ ಹೂಗಳು ಸೊಳೆಯಾಗದೆ, ಅವುಗಳ ನಡುವೆ ನಾರಾಗಿ ಉಳಿಯುತ್ತವೆ. ಹೊರಗಿನ ಮುಳ್ಳನ್ನಷ್ಟೇ ನೋಡಿದವರಿಗೆ ಒಳಗಿನ ಈ ಕೂಡುಬಾಳು ಕಾಣದು.

ಓದುಗರೇ, ನಿಮ್ಮ ಹಿತ್ತಿಲಲ್ಲೂ ಇಂಥದೊಂದು ಮರವಿರಬಹುದು. ಇಲ್ಲವೇ ನಿಮ್ಮ ಕೈಮೀರಿ ಫಲ ಕೊಡುವ ಬೇರೇನಾದರೂ ಇರಬಹುದು. ಮೊದಲ ಮಳೆ ಬಿದ್ದರೆ ಹಣ್ಣಿನ ಸಿಹಿ ಇಳಿಯುತ್ತದೆ, ತಡಮಾಡಬೇಡಿ. ಕತ್ತಿಗೆ ಎಣ್ಣೆ ಹಚ್ಚುವ ಮೊದಲು ಬೇಲಿಯಾಚೆಗೆ ಒಂದು ಕೂಗು ಹಾಕಿ.